ಕೊನೆಯ ಹೊಡೆತಕ್ಕೆ ಮುಂಚಿನ ಹೊಡೆತ

ಗೆದ್ದೆತ್ತಿನ ಬಾಲ ಹಿಡಿಯುವವರನ್ನು ಕುರಿತು ನಮ್ಮಲ್ಲಿ ಗಾದೆಯೊಂದಿದೆ. ಗೆಲ್ಲುವುದಕ್ಕೆ ಮೊದಲು, ಬಂಡಿ ಕೆಸರಿನಲ್ಲಿ ಹೂತುಹೋಗಿದ್ದಾಗ ಹೆಗಲು ಕೊಟ್ಟವರನ್ನು ಕುರಿತು ಅಷ್ಟೇ ಚುರುಕಾದ ಗಾದೆ ನನಗೆ ನೆನಪಾಗುವುದಿಲ್ಲ. ಅಮೆರಿಕದ ಬೇಸ್‌ಬಾಲ್ ಆಟವನ್ನು ಕೆಲವು ವರ್ಷಗಳಿಂದ ಆಸಕ್ತಿಯಿಂದ ಗಮನಿಸುತ್ತ ಬಂದಿರುವ ನನಗೆ, ಅದರ ಚರಿತ್ರೆಯನ್ನು ಓದಿದಷ್ಟೂ ಈ ಕೊರತೆ ಎದ್ದು ಕಾಣುತ್ತದೆ. ಆ ಆಟದ ಅಭಿಮಾನಿಗಳು ಕಂಠಪಾಠ ಹೇಳುವ ಮಹಾ ಹೊಡೆತಗಳ ಪಟ್ಟಿಯೊಂದಿದೆ. ಆ ಪಟ್ಟಿಯ ಪ್ರತಿಯೊಂದು ಹೊಡೆತದ ಹಿಂದೆಯೂ ಇನ್ನೊಂದು ಹೊಡೆತ ನಿಂತಿರುತ್ತದೆ. ಅದಿಲ್ಲದಿದ್ದರೆ ಇದು ಸಂಭವಿಸುತ್ತಲೇ ಇರಲಿಲ್ಲ. ಆದರೂ ಅದನ್ನು ಹೊಡೆದವನ ಹೆಸರು ಕೇಳಿದರೆ ಹಲವರು ತಲೆ ಕೆರೆದುಕೊಳ್ಳುತ್ತಾರೆ. ಈ ಬರಹ ಅಂಥ ನಾಲ್ಕು ಹೊಡೆತಗಳನ್ನು ಕುರಿತದ್ದು.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸಿನಲ್ಲಿ ಎರಡೂ ತಂಡಗಳಿಗೆ ಒಂದೊಂದು ಸರದಿ. ಮೂವರು ಔಟಾದರೆ ಸರದಿ ಮುಗಿಯಿತು. ಪ್ರವಾಸಿ ತಂಡ ಮೊದಲು ಬ್ಯಾಟ್ ಮಾಡುತ್ತದೆ, ಆತಿಥೇಯ ತಂಡ ಆಮೇಲೆ. ಚೆಂಡು ಬೇಲಿಯನ್ನು ದಾಟಿ ಹೋದರೆ ಹೋಮ್ ರನ್. ಹೊಡೆದವನೊಂದಿಗೆ ಆ ಹೊತ್ತಿಗೆ ಬೇಸ್‌ಗಳಲ್ಲಿ ನಿಂತಿರುವವರೂ ರನ್ ಗಳಿಸುತ್ತಾರೆ. ಅಕ್ಟೋಬರ್ ತಿಂಗಳಲ್ಲಿ ಪ್ಲೇ ಆಫ್ ಪಂದ್ಯಗಳು ನಡೆದು, ಕೊನೆಗೆ ಎರಡು ತಂಡಗಳು ವರ್ಲ್ಡ್ ಸೀರೀಸ್‌ನಲ್ಲಿ ಎದುರಾಗುತ್ತವೆ. ಅಲ್ಲಿ ಏಳು ಪಂದ್ಯಗಳಲ್ಲಿ ನಾಲ್ಕನ್ನು ಮೊದಲು ಗೆದ್ದವರು ಚಾಂಪಿಯನ್ನರು. ಆ ದೇಶದ ಪೂರ್ವ ಕರಾವಳಿಯಲ್ಲಿ ರಾತ್ರಿ ಎಂಟು ಗಂಟೆಯಾದಾಗ ನಮಗೆ ಬೆಳಗಿನ ಜಾವ ಐದೂವರೆ. ಹಾಗಾಗಿ ಪುಣೆಯಲ್ಲಿ ಕುಳಿತ ನನಗೆ ಇದು ಕಾಫಿಯ ಹೊತ್ತಿನ ಆಟ.

ಮೊದಲ ಉದಾಹರಣೆ 1960ರ ಅಕ್ಟೋಬರ್ 13ರದು. ಪಿಟ್ಸ್‌ಬರ್ಗ್ ನಗರದ ಫೋರ್ಬ್ಸ್ ಫೀಲ್ಡ್ ಮೈದಾನದಲ್ಲಿ ಪೈರೇಟ್ಸ್ ತಂಡಕ್ಕೂ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೂ ಏಳನೆಯ ಪಂದ್ಯ. ಅದೊಂದು ವಿಚಿತ್ರ ಸರಣಿ. ಯಾಂಕೀಸ್ ಗೆದ್ದ ಮೂರು ಪಂದ್ಯಗಳ ಅಂಕಗಳು 16–3, 10–0, 12–0. ಇಡೀ ಸರಣಿಯಲ್ಲಿ ಅವರು ಗಳಿಸಿದ್ದು 55 ರನ್, ಪೈರೇಟ್ಸ್ ಗಳಿಸಿದ್ದು ಕೇವಲ 27. ಆದರೂ ಮೂರು ಪಂದ್ಯಗಳನ್ನು ಅಲ್ಪ ಅಂತರದಲ್ಲಿ ಗೆದ್ದುಕೊಂಡು ಪೈರೇಟ್ಸ್ ಏಳನೆಯ ಪಂದ್ಯದವರೆಗೆ ಬಂದಿತ್ತು. ಅಂದು ಒಂಬತ್ತನೆಯ ಇನ್ನಿಂಗ್ಸಿನಲ್ಲಿ, ಅಂಕ 9–9 ಸಮವಾಗಿದ್ದಾಗ, ಬಿಲ್ ಮ್ಯಾಜರಾಸ್ಕಿ ಎಡಭಾಗದ ಗೋಡೆಯಾಚೆಗೆ ಚೆಂಡನ್ನು ಹೊಡೆದು ಸರಣಿಯನ್ನೇ ಮುಗಿಸಿದರು. ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯವೊಂದು ಹೋಮ್ ರನ್ನಿನಿಂದಲೇ ಮುಕ್ತಾಯವಾದದ್ದು ಅದೊಂದೇ ಸಲ. ಮ್ಯಾಜರಾಸ್ಕಿ 2001ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಇಂದು ಪಿಟ್ಸ್‌ಬರ್ಗಿನ ಹೊಸ ಮೈದಾನದ ಹೊರಗೆ, ಟೋಪಿ ಕೈಯಲ್ಲಿ ಹಿಡಿದು ಓಡುತ್ತಿರುವ ಅವರ ಪ್ರತಿಮೆಯಿದೆ.

ಪ್ರತಿಮೆಯಿಲ್ಲದವರು ಹ್ಯಾಲ್ ಸ್ಮಿತ್. ಎಂಟನೆಯ ಇನ್ನಿಂಗ್ಸಿನಲ್ಲಿ ಪೈರೇಟ್ಸ್ ಬ್ಯಾಟ್ ಮಾಡಲು ಬಂದಾಗ ಅಂಕ 7–4, ಯಾಂಕೀಸ್ ಮುಂದಿತ್ತು. ಬಿಲ್ ವರ್ಡನ್ ಹೊಡೆದ, ಇಬ್ಬರನ್ನು ಒಟ್ಟಿಗೆ ಔಟ್ ಮಾಡಿಸಬೇಕಾಗಿದ್ದ ಸಾಮಾನ್ಯ ಚೆಂಡೊಂದು ಗಟ್ಟಿ ನೆಲದ ಮೇಲೆ ಪುಟಿದು ಯಾಂಕೀಸ್ ಆಟಗಾರ ಟೋನಿ ಕುಬೆಕ್ ಅವರ ಗಂಟಲಿಗೆ ಬಡಿಯಿತು. ಅಲ್ಲಿಂದ ಆಟದ ದಿಕ್ಕು ಹೊರಳಿತು. ಅಂಕ 7–6ಕ್ಕೆ ಬಂದಾಗ ಇಬ್ಬರು ಔಟಾಗಿದ್ದರು. ಡಿಕ್ ಗ್ರೋಟ್ ಮತ್ತು ರಾಬರ್ಟೊ ಕ್ಲೆಮೆಂಟೆ ಬೇಸ್‌ಗಳ ಮೇಲಿದ್ದರು. ಆಗ ಬ್ಯಾಟ್ ಹಿಡಿದು ನಿಂತ ಸ್ಮಿತ್, ಅದೇ ಇನ್ನಿಂಗ್ಸಿನ ಆರಂಭದಲ್ಲಷ್ಟೇ ಬದಲಿ ಕ್ಯಾಚರ್ ಆಗಿ ಮೈದಾನಕ್ಕೆ ಇಳಿದವರು. ಎರಡು ಸ್ಟ್ರೈಕ್ ಆಗಿಹೋಗಿದ್ದವು. ಜಿಮ್ ಕೋಟ್ಸ್ ಅವರ ಮುಂದಿನ ಎಸೆತವನ್ನು ಅವರು ಗೋಡೆಯಾಚೆಗೆ ಕಳಿಸಿದರು. ಅಂಕ 9–7. ಊರಿಗೆ ಊರೇ ಗೆದ್ದೆವೆಂದು ಕೂಗಾಡಿತು. ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಪೈರೇಟ್ಸ್ ಪಿಚರುಗಳು ಎಡವದೆ ಇದ್ದಿದ್ದರೆ ಆ ಪ್ರತಿಮೆ ಸ್ಮಿತ್ ಅವರದಾಗುತ್ತಿತ್ತು. ಯಾಂಕೀಸ್ ಎರಡು ರನ್ ಗಳಿಸಿ ಸಮ ಮಾಡಿತು. ಕೆಲವೇ ನಿಮಿಷಗಳಲ್ಲಿ ಮ್ಯಾಜರಾಸ್ಕಿ ಬಂದರು.

ಇಲ್ಲಿ ಲೆಕ್ಕವೊಂದನ್ನು ಗಮನಿಸಬೇಕು. ಆಟದ ಯಾವುದೇ ಘಟ್ಟದಲ್ಲಿ, ಅಂಕ ಇಷ್ಟಿದ್ದಾಗ, ಇಷ್ಟು ಜನ ಔಟಾಗಿದ್ದಾಗ, ಬೇಸ್‌ಗಳಲ್ಲಿ ಇಂತಿಷ್ಟು ಜನ ಇದ್ದಾಗ, ತಂಡವೊಂದು ಗೆಲ್ಲುವ ಸಂಭವ ಎಷ್ಟು ಎಂಬುದನ್ನು ಹಿಂದಿನ ಸಾವಿರಾರು ಪಂದ್ಯಗಳ ಆಧಾರದ ಮೇಲೆ ಅಂಕಿಅಂಶ ತಜ್ಞರು ಲೆಕ್ಕ ಹಾಕುತ್ತಾರೆ. ಸ್ಮಿತ್ ಹೊಡೆಯುವ ಮೊದಲು ಪೈರೇಟ್ಸ್ ಗೆಲ್ಲುವ ಸಂಭವ ಮೂರರಲ್ಲೊಂದು ಪಾಲನ್ನು ಮೀರಿರಲಿಲ್ಲ. ಹೊಡೆದ ಮೇಲೆ ಅದು ಶೇಕಡಾ 90ನ್ನು ದಾಟಿತು. ಏಳನೆಯ ಪಂದ್ಯವಾದ್ದರಿಂದ ಪಂದ್ಯದ ಸಂಭವವೇ ಕಿರೀಟದ ಸಂಭವ. ಈ ಅಳತೆಗೋಲಿನಿಂದ ನೋಡಿದರೆ, ಒಂದು ತಂಡವನ್ನು ಕಿರೀಟದ ಕಡೆಗೆ ಇಷ್ಟು ದೂರ ತಳ್ಳಿದ ಇನ್ನೊಂದು ಹೊಡೆತ ವರ್ಲ್ಡ್ ಸೀರೀಸ್‌ನ ಚರಿತ್ರೆಯಲ್ಲಿಯೇ ಇಲ್ಲ. ಮ್ಯಾಜರಾಸ್ಕಿ ಬ್ಯಾಟ್ ಹಿಡಿದಾಗಲಾದರೋ ಅಂಕ ಸಮವಾಗಿತ್ತು, ಸರದಿ ಆತಿಥೇಯರದು, ಒಬ್ಬರೂ ಔಟಾಗಿರಲಿಲ್ಲ. ಅವರ ತಂಡ ಆಗಲೇ ಗೆಲುವಿನ ದಾರಿಯಲ್ಲಿ ಅರ್ಧಕ್ಕಿಂತ ಮುಂದೆ ಬಂದಿತ್ತು. ಮ್ಯಾಜರಾಸ್ಕಿಯವರ ಸಾಧನೆಯನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಬಾಗಿಲು ಹಾಕಿದವರನ್ನು ನೆನಪಿಡುವ ನಾವು, ಅದು ಮುಚ್ಚಿಹೋಗದಂತೆ ಕೈ ಅಡ್ಡ ಕೊಟ್ಟವರನ್ನು ಎಷ್ಟು ಸಲೀಸಾಗಿ ಮರೆಯುತ್ತೇವೆಂಬುದು ಈ ಲೆಕ್ಕದಿಂದ ಕಾಣುತ್ತದೆ.

ಎರಡನೆಯ ಹೊಡೆತ 1975ರ ವರ್ಲ್ಡ್ ಸೀರೀಸ್‌ನದು. ಬಾಸ್ಟನ್ನಿನ ಫೆನ್‌ವೇ ಪಾರ್ಕ್‌ನಲ್ಲಿ ರೆಡ್ ಸಾಕ್ಸ್ ಮತ್ತು ಸಿನ್ಸಿನಾಟಿ ರೆಡ್ಸ್ ತಂಡಗಳ ನಡುವೆ ಆರನೆಯ ಪಂದ್ಯ. ಹನ್ನೆರಡನೆಯ ಇನ್ನಿಂಗ್ಸಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಕಾರ್ಲ್‌ಟನ್ ಫಿಸ್ಕ್ ಹೊಡೆದ ಚೆಂಡು ಎಡ ಗಡಿಗಂಬಕ್ಕೆ ಬಡಿದು ಹೋಮ್ ರನ್ ಆಯಿತು. ಚೆಂಡು ಗಡಿಯಿಂದಾಚೆ ಹೋಗದಿರಲೆಂದು ಅವರು ಎರಡೂ ಕೈ ಬೀಸುತ್ತ ಕುಣಿಯುವ ದೃಶ್ಯವನ್ನು ಅಮೆರಿಕದಲ್ಲಿ ನೋಡದವರು ಕಡಿಮೆ. ಹಾರುವ ಚೆಂಡನ್ನು ಹಿಂಬಾಲಿಸಬೇಕಾಗಿದ್ದ ಕ್ಯಾಮೆರಾ ಅಂದು ಫಿಸ್ಕ್ ಅವರ ಮೇಲೆಯೇ ನಿಂತುಬಿಟ್ಟಿತು. ಸ್ಕೋರ್‌ಬೋರ್ಡಿನ ಒಳಗಿದ್ದ ಛಾಯಾಗ್ರಾಹಕನ ಕಾಲ ಬಳಿ ಇಲಿಯೊಂದು ಸುಳಿದದ್ದೇ ಅದಕ್ಕೆ ಕಾರಣವೆಂದು ಹೇಳುವುದುಂಟು. ಕಾರಣ ಏನೇ ಇರಲಿ, ಆ ಚಿತ್ರ ಉಳಿಯಿತು. ಚಿತ್ರದೊಂದಿಗೆ ಹೆಸರೂ ಉಳಿಯಿತು.

ಎಂಟನೆಯ ಇನ್ನಿಂಗ್ಸಿನ ಹೊತ್ತಿಗೆ ಬಾಸ್ಟನ್ 6–3ರಿಂದ ಹಿಂದೆ ಬಿದ್ದಿತ್ತು. ರೆಡ್ಸ್ ಆಗಲೇ ಮೂರು ಪಂದ್ಯ ಗೆದ್ದಿದ್ದರಿಂದ ಸೋತರೆ ಸರಣಿಯೇ ಮುಗಿದಂತೆ. ಇಬ್ಬರು ಬೇಸ್‌ಗಳಲ್ಲಿದ್ದರು, ಇಬ್ಬರು ಔಟಾಗಿದ್ದರು. ಆಗ ಪಿಚರ್‌ನ ಬದಲಿಗೆ ಬ್ಯಾಟ್ ಹಿಡಿದು ಬಂದವರು ಬರ್ನಿ ಕಾರ್ಬೊ. 1965ರಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಇದೇ ಸಿನ್ಸಿನಾಟಿ ತಂಡ ಎಲ್ಲರಿಗಿಂತ ಮೊದಲು ಆರಿಸಿದ್ದು ಕಾರ್ಬೊ ಅವರನ್ನು. ಎರಡನೆಯದಾಗಿ ಆರಿಸಿದ್ದು ಜಾನಿ ಬೆಂಚ್ ಅವರನ್ನು. ಹತ್ತು ವರ್ಷಗಳ ನಂತರ ಬೆಂಚ್ ಆ ಕಾಲದ ಶ್ರೇಷ್ಠ ಕ್ಯಾಚರ್ ಆಗಿ ವಿಕೆಟ್ ಕೀಪರಿನಂತೆ ಹಿಂದೆ ಕುಕ್ಕರುಗಾಲಲ್ಲಿ ಕುಳಿತಿದ್ದರು. ಕಾರ್ಬೊ ಎದುರು ತಂಡದ ಬದಲಿ ಬ್ಯಾಟರ್ ಆಗಿ ಅವರ ಮುಂದೆ ನಿಂತಿದ್ದರು. ಎರಡು ಸ್ಟ್ರೈಕ್ ಆದ ಮೇಲೆ ಬಂದ ಎಸೆತವೊಂದನ್ನು ಕಾರ್ಬೊ ಅತ್ಯಂತ ಅಂದಗೆಟ್ಟ ರೀತಿಯಲ್ಲಿ ಹೇಗೋ ತಾಗಿಸಿ ಉಳಿದುಕೊಂಡರು. ರಾಲಿ ಈಸ್ಟ್‌ವಿಕ್ ಅವರ ಮರು ಎಸೆತ ಮೈದಾನದ ನಡುಭಾಗದ ಬೇಲಿಯಾಚೆ ಹೋಯಿತು. 6–6. ಬದಲಿ ಬ್ಯಾಟರ್ ಆಗಿ ಆ ಸರಣಿಯಲ್ಲಿ ಅದು ಅವರ ಎರಡನೆಯ ಹೋಮ್ ರನ್. 1959ರಲ್ಲಿ ಚಕ್ ಎಸೀಜಿಯನ್ ಬಿಟ್ಟರೆ ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ಫಿಸ್ಕ್ ಅವರ ಕುಣಿತಕ್ಕೆ ನೆಲ ಒದಗಿಸಿದ್ದು ಈ ಹೊಡೆತ. ಮರುದಿನ ಬಾಸ್ಟನ್ ಏಳನೆಯ ಪಂದ್ಯವನ್ನು 4–3ರಿಂದ ಸೋತಿತು. ಸೋತ ಸರಣಿಯಿಂದ ಜನರ ನೆನಪು ಒಬ್ಬನನ್ನು ಮಾತ್ರ ಎತ್ತಿಕೊಳ್ಳುತ್ತದೇನೋ; ಆ ಜಾಗ ಫಿಸ್ಕ್ ಅವರಿಗೆ ಹೋಯಿತು.

ಮರೆವಿನ ಇನ್ನೊಂದು ಮುಖ ಇದಕ್ಕಿಂತ ಕಠೋರವಾದದ್ದು. 1986ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾ ಏಂಜಲ್ಸ್ ತಂಡ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ವರ್ಲ್ಡ್ ಸೀರೀಸ್ ತಲುಪಲು ಒಂದೇ ಗೆಲುವಿನ ದೂರದಲ್ಲಿತ್ತು. ಎದುರಾಳಿ ಬಾಸ್ಟನ್. ಒಂಬತ್ತನೆಯ ಇನ್ನಿಂಗ್ಸಿನ ಆರಂಭಕ್ಕೆ ಏಂಜಲ್ಸ್ 5–2ರಿಂದ ಮುಂದಿತ್ತು. ಮೊದಲು ಡಾನ್ ಬೇಲರ್ ಎರಡು ರನ್ನುಗಳ ಹೋಮ್ ರನ್ ಹೊಡೆದು ಅಂತರವನ್ನು ಒಂದಕ್ಕೆ ಇಳಿಸಿದರು. ಅದನ್ನು ಈಗ ಯಾರೂ ಹೇಳುವುದಿಲ್ಲ. ಆಮೇಲೆ ಇಬ್ಬರು ಔಟಾಗಿ, ಒಬ್ಬ ಬೇಸ್‌ನಲ್ಲಿದ್ದಾಗ, ಡೇವ್ ಹೆಂಡರ್ಸನ್ ಎಂಬಾತ ಪಿಚರ್ ಡಾನಿ ಮೂರ್ ಅವರನ್ನು ಎದುರಿಸಿದರು. ಗಾಯಗೊಂಡವರ ಬದಲಿಗೆ ಮೈದಾನಕ್ಕೆ ಇಳಿದಿದ್ದ ಹೆಂಡರ್ಸನ್, ಅದೇ ಪಂದ್ಯದಲ್ಲಿ ಬೇಲಿಯ ಬಳಿ ಹಿಡಿಯಹೋದ ಚೆಂಡೊಂದು ಅವರ ಕೈಗವಸಿಗೆ ತಾಗಿ ಆಚೆ ಬಿದ್ದು ಎದುರಾಳಿಗೆ ಹೋಮ್ ರನ್ ಆಗಿತ್ತು. ಇನ್ನೊಂದು ಸ್ಟ್ರೈಕ್ ಬಿದ್ದಿದ್ದರೆ ಎಲ್ಲ ಮುಗಿಯುತ್ತಿತ್ತು. ಹೆಂಡರ್ಸನ್ ಚೆಂಡನ್ನು ಬೇಲಿ ದಾಟಿಸಿದರು, ಬಾಸ್ಟನ್ 6–5. ಹನ್ನೊಂದನೆಯ ಇನ್ನಿಂಗ್ಸಿನಲ್ಲಿ ಗೆಲುವಿನ ರನ್ ತಂದವರೂ ಅವರೇ. ಉಳಿದ ಎರಡು ಪಂದ್ಯಗಳನ್ನೂ ಬಾಸ್ಟನ್ ಗೆದ್ದಿತು. ಏಂಜಲ್ಸ್ ತಂಡ ವರ್ಲ್ಡ್ ಸೀರೀಸ್ ಕಾಣಲು 2002ರವರೆಗೆ ಕಾಯಬೇಕಾಯಿತು.

ಕಥೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಸಂಗತಿಯೊಂದಿದೆ. ಹೆಂಡರ್ಸನ್ ಅವರ ಹೊಡೆತದ ನಂತರ ಏಂಜಲ್ಸ್ ಅದೇ ಇನ್ನಿಂಗ್ಸಿನಲ್ಲಿ 6–6 ಸಮ ಮಾಡಿತು. ಮೂರೂ ಬೇಸ್‌ಗಳು ತುಂಬಿದ್ದವು. ಒಬ್ಬರು ಮಾತ್ರ ಔಟಾಗಿದ್ದರು. ಬೇಕಾಗಿದ್ದುದು ಒಂದೇ ರನ್. ಮುಂದಿನ ಇಬ್ಬರಿಂದ ಅದು ಬರಲಿಲ್ಲ. ಆಮೇಲೆ ಇನ್ನೂ ಎರಡು ಪಂದ್ಯಗಳಿದ್ದವು. ಇಷ್ಟಾದರೂ ಸೋಲಿನ ಹೊರೆಯೆಲ್ಲ ಡಾನಿ ಮೂರ್ ಅವರ ಒಂದು ಎಸೆತದ ಮೇಲೆ ಬಿತ್ತು. ಸ್ವಂತ ಊರಿನ ಪ್ರೇಕ್ಷಕರೇ ಅವರನ್ನು ಹೀಯಾಳಿಸಿದರು. 1989ರಲ್ಲಿ ಅವರು ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು. ಅವರ ಜೀವನದಲ್ಲಿ ಬೇರೆ ಸಂಕಟಗಳೂ ಇದ್ದವು. ಒಂದು ಸಾವಿಗೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಆದರೆ ಆಗಲೂ ಅನೇಕರು ಆ ಒಂದು ಎಸೆತವನ್ನೇ ಕಾರಣವೆಂದು ಬರೆದರು.

ಹೆಂಡರ್ಸನ್ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹದಿಮೂರು ದಿನಗಳ ನಂತರ, ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಮೆಟ್ಸ್ ವಿರುದ್ಧ ವರ್ಲ್ಡ್ ಸೀರೀಸ್‌ನ ಆರನೆಯ ಪಂದ್ಯ. ಬಾಸ್ಟನ್ 1918ರಿಂದ ಕಿರೀಟ ಕಂಡಿರಲಿಲ್ಲ. ಹತ್ತನೆಯ ಇನ್ನಿಂಗ್ಸಿನ ಮೊದಲ ಬ್ಯಾಟರ್ ಹೆಂಡರ್ಸನ್ ಹೋಮ್ ರನ್ ಹೊಡೆದು ತಂಡವನ್ನು ಮುಂದಕ್ಕೆ ತಂದರು. ಇನ್ನೊಂದು ರನ್ ಸೇರಿ ಅಂಕ 5–3 ಆಯಿತು. ಮೆಟ್ಸ್ ತಂಡದ ಇಬ್ಬರು ಔಟಾದರು. ಇನ್ನೊಬ್ಬ ಔಟಾಗಿದ್ದರೆ 68 ವರ್ಷಗಳ ಬರ ನೀಗಿಸಿದ ಹೊಡೆತವೆಂದು ಬಾಸ್ಟನ್ನಿನ ಮಕ್ಕಳು ಅದನ್ನು ಹಾಡಿಕೊಳ್ಳುತ್ತಿದ್ದರು. ಆದರೆ ಮೆಟ್ಸ್ ಒಂದರ ಹಿಂದೊಂದು ಮೂರು ಸಿಂಗಲ್ ಹೊಡೆಯಿತು. ಗುರಿ ತಪ್ಪಿದ ಎಸೆತವೊಂದರಿಂದ ಅಂಕ ಸಮವಾಯಿತು. ಆಮೇಲೆ ಮೂಕಿ ವಿಲ್ಸನ್ ಹೊಡೆದ ಚೆಂಡು ಬಿಲ್ ಬಕ್ನರ್ ಅವರ ಕಾಲುಗಳ ನಡುವೆ ನುಸುಳಿಹೋಯಿತು. ಜಗತ್ತು ನೆನಪಿಟ್ಟುಕೊಂಡದ್ದು ಆ ಕಾಲುಗಳನ್ನು. ಬಕ್ನರ್ ತಪ್ಪುವ ಮೊದಲೇ ಅಂಕ ಸಮವಾಗಿತ್ತೆಂಬುದನ್ನಾಗಲಿ, ಏಳನೆಯ ಪಂದ್ಯ ಇನ್ನೂ ಬಾಕಿಯಿತ್ತೆಂಬುದನ್ನಾಗಲಿ, ಆ ಪಂದ್ಯವನ್ನು ಇಡೀ ತಂಡ 8–5ರಿಂದ ಸೋತಿತೆಂಬುದನ್ನಾಗಲಿ ಯಾರೂ ಎಣಿಸಲಿಲ್ಲ. 2008ರಲ್ಲಿ ಬಾಸ್ಟನ್ ಪ್ರೇಕ್ಷಕರು ಬಕ್ನರ್ ಅವರನ್ನು ಫೆನ್‌ವೇ ಪಾರ್ಕ್‌ನಲ್ಲಿ ಎದ್ದು ನಿಂತು ಗೌರವಿಸಿದರು; ಅಷ್ಟರಲ್ಲಿ ತಂಡ ಎರಡು ಸಲ ಚಾಂಪಿಯನ್ ಆಗಿತ್ತು.

ಹೆಂಡರ್ಸನ್ ಅವರನ್ನು ಮರೆತದ್ದೂ ಬಕ್ನರ್ ಅವರನ್ನು ದೂಷಿಸಿದ್ದೂ ಒಂದೇ ಅಭ್ಯಾಸದ ಎರಡು ಫಲಗಳೆಂದು ನನಗೆ ತೋರುತ್ತದೆ. ಕೊನೆಯ ಕ್ಷಣವನ್ನೇ ಇಡೀ ಘಟನೆಯೆಂದು ತಿಳಿಯುವವನು ಗೆಲುವಿನಲ್ಲಿ ಒಬ್ಬನಿಗೆ ಎಲ್ಲ ಹಾರಗಳನ್ನೂ ಹಾಕುತ್ತಾನೆ, ಸೋಲಿನಲ್ಲಿ ಒಬ್ಬನ ಮೇಲೆ ಎಲ್ಲ ಕಲ್ಲುಗಳನ್ನೂ ಎಸೆಯುತ್ತಾನೆ. ಆದ್ದರಿಂದ ಮರೆತುಹೋದ ಹೊಡೆತಗಳನ್ನು ಹುಡುಕುವುದು ಬರೀ ಅಂಕಿಅಂಶ ಪ್ರಿಯರ ಹವ್ಯಾಸವಲ್ಲ. ಅದರಲ್ಲಿ ನ್ಯಾಯದ ಪ್ರಶ್ನೆಯೂ ಇದೆ.

ನಾಲ್ಕನೆಯದನ್ನು ನಾನು ನೇರವಾಗಿ ನೋಡಿದೆ. 2016ರ ನವೆಂಬರ್ 3ರ ಬೆಳಗ್ಗೆ, ಅಂದರೆ ಅಲ್ಲಿ 2ರ ರಾತ್ರಿ, ಕ್ಲೀವ್‌ಲ್ಯಾಂಡ್‌ನಲ್ಲಿ ಏಳನೆಯ ಪಂದ್ಯ. ಚಿಕಾಗೊ ಕಬ್ಸ್ 1908ರಿಂದ ಗೆದ್ದಿರಲಿಲ್ಲ, ಕ್ಲೀವ್‌ಲ್ಯಾಂಡ್ 1948ರಿಂದ. ಎಂಟನೆಯ ಇನ್ನಿಂಗ್ಸಿನಲ್ಲಿ ಇಬ್ಬರು ಔಟಾಗಿದ್ದಾಗ ಕಬ್ಸ್ 6–3ರಿಂದ ಮುಂದಿತ್ತು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಎಸೆಯಬಲ್ಲ ಅರೊಲ್ಡಿಸ್ ಚಾಪ್ಮನ್ ಬಂದರು. ಒಂದು ರನ್ ಬಂದು ಅಂಕ 6–4 ಆಯಿತು. ಆಗ ರಾಜೇ ಡೇವಿಸ್ ಬ್ಯಾಟ್ ಹಿಡಿದು ನಿಂತರು. ಮೂವತ್ತಾರು ವರ್ಷದ ಡೇವಿಸ್ ಹೆಸರಾದದ್ದು ಓಟಕ್ಕೆ, ಬಲವಾದ ಹೊಡೆತಗಳಿಗಲ್ಲ. ಆ ವೇಗಕ್ಕೆ ಸರಿಗಟ್ಟಲೆಂದು ಬ್ಯಾಟಿನ ಹಿಡಿಯನ್ನು ಬಿಟ್ಟು ಇಷ್ಟು ಮೇಲಕ್ಕೆ ಕೈ ಸರಿಸಿ ಹಿಡಿದಿದ್ದರು. ಚೆಂಡು ಎಡ ಗೋಡೆಯನ್ನು ಸ್ವಲ್ಪದರಲ್ಲಿ ದಾಟಿತು. 6–6. ನನ್ನ ಕಾಫಿ ಆರಿಹೋಗಿತ್ತು. ಆಫೀಸಿನ ಹೊತ್ತೂ ಮೀರಿತ್ತು. ಒಂಬತ್ತು ಇನ್ನಿಂಗ್ಸ್ ಮುಗಿದಾಗ ಮಳೆ ಬಂದು 17 ನಿಮಿಷ ಆಟ ನಿಂತಿತು. ಹತ್ತನೆಯ ಇನ್ನಿಂಗ್ಸಿನಲ್ಲಿ ಕಬ್ಸ್ ಎರಡು ರನ್ ಗಳಿಸಿತು. ಕ್ಲೀವ್‌ಲ್ಯಾಂಡ್ ಸರದಿಯಲ್ಲಿ ಇಬ್ಬರು ಔಟಾದ ಮೇಲೆ ಮತ್ತೆ ಅದೇ ಡೇವಿಸ್ ಒಂದು ರನ್ ತಂದು 8–7 ಮಾಡಿದರು. ಅಲ್ಲಿಗೆ ಮುಗಿಯಿತು. 108 ವರ್ಷಗಳ ನಂತರದ ಕಬ್ಸ್ ಸಂಭ್ರಮದಲ್ಲಿ ಡೇವಿಸ್ ಅವರ ಹೊಡೆತ ಒಂದು ಅಡ್ಡಿಯಾಗಿ ಮಾತ್ರ ಉಳಿದುಕೊಂಡಿತು. ಕ್ಲೀವ್‌ಲ್ಯಾಂಡಿನವರು ಮಾತ್ರ ಅದನ್ನು ಇನ್ನೂ ಎದೆಯಲ್ಲಿಟ್ಟುಕೊಂಡಿದ್ದಾರೆ.

ಇದು ಅಮೆರಿಕದವರ ದೋಷ ಮಾತ್ರವೆಂದು ಹೇಳುವಂತಿಲ್ಲ. 2011ರ ವಿಶ್ವಕಪ್ ಎಂದೊಡನೆ ಮುಂಬೈಯ ವಾಂಖೆಡೆಯಲ್ಲಿ ಧೋನಿ ಹೊಡೆದ ಸಿಕ್ಸರ್ ಕಣ್ಣ ಮುಂದೆ ಬರುತ್ತದೆ; 31ಕ್ಕೆ ಎರಡು ವಿಕೆಟ್ ಬಿದ್ದಿದ್ದಾಗ ನಿಂತು 97 ರನ್ ಗಳಿಸಿದ ಗಂಭೀರ್ ಆಮೇಲೆ ಬರುತ್ತಾರೆ. 1983 ಎಂದರೆ ಲಾರ್ಡ್ಸ್‌ನ ಮೊಗಸಾಲೆಯಲ್ಲಿ ಕಪ್ ಎತ್ತಿದ ಕಪಿಲ್ ದೇವ್. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಸೆಮಿಫೈನಲ್ ಸೇರಲು ಗೆಲ್ಲಲೇಬೇಕಾಗಿದ್ದ ಚೆಮ್ಸ್‌ಫರ್ಡ್ ಪಂದ್ಯದಲ್ಲಿ ಆಸ್ಟ್ರೇಲಿಯಾವನ್ನು 129ಕ್ಕೆ ಉರುಳಿಸಿದಾಗ ಅವರು ಪಡೆದದ್ದು ನಾಲ್ಕು ವಿಕೆಟ್, ಮದನ್ ಲಾಲ್ ಪಡೆದದ್ದೂ ನಾಲ್ಕು. ಪುಣೆಯ ಕನ್ನಡ ಗೆಳೆಯರ ನಡುವೆ ಈ ಮಾತೆತ್ತಿದರೆ, ಚೆಮ್ಸ್‌ಫರ್ಡ್ ಎಲ್ಲಿದೆ ಎಂದು ಕೇಳುವವರೇ ಹೆಚ್ಚು.

ಹಾಗಾದರೆ ಒಂದು ಕಾಳಗವನ್ನು ಹೇಗೆ ನೆನೆಯಬೇಕು? ನಮ್ಮ ಕವಿ ರನ್ನ ಹತ್ತನೆಯ ಶತಮಾನದಲ್ಲಿಯೇ ಒಂದು ದಾರಿ ತೋರಿಸಿದ್ದಾನೆ. ಅವನ ಗದಾಯುದ್ಧದ ವಸ್ತು ಭೀಮ ದುರ್ಯೋಧನರ ಕೊನೆಯ ಹೋರಾಟ. ಆದರೆ ಆ ಕೊನೆಯಲ್ಲಿ ನಿಂತು, ಸಿಂಹ ಹಿಂದಿರುಗಿ ನೋಡುವಂತೆ, ಇಡೀ ಭಾರತದ ಕಥೆಯನ್ನು ಅವನು ಒಳಗೆ ತರುತ್ತಾನೆ. ದುರ್ಯೋಧನ ರಣಭೂಮಿಯಲ್ಲಿ ನಡೆದುಹೋಗುವಾಗ ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ತೊಡೆಗೆ ಬೀಳುವ ಗದೆಯ ಪೆಟ್ಟಿಗೆ ತೂಕ ಬರುವುದು ಅವರೆಲ್ಲರನ್ನೂ ಕಂಡುಬಂದ ಮೇಲೆ. ಸಿಂಹಾವಲೋಕನ ಕ್ರಮವೆಂದು ವಿದ್ವಾಂಸರು ಕರೆಯುವುದು ಇದನ್ನೇ.

ಪಿಟ್ಸ್‌ಬರ್ಗಿನ ಕೆಲವರು ತಮಗೆ ತಿಳಿಯದೆಯೇ ಈ ಕ್ರಮವನ್ನು ಅನುಸರಿಸುತ್ತಿದ್ದಾರೆ. 1960ರ ಆ ಪಂದ್ಯದ ಪೂರ್ಣ ಚಿತ್ರ ಇಲ್ಲವೆಂದೇ ಬಹುಕಾಲ ತಿಳಿಯಲಾಗಿತ್ತು. ಪೈರೇಟ್ಸ್ ತಂಡದ ಪಾಲುದಾರರಲ್ಲೊಬ್ಬರಾದ ಗಾಯಕ ಬಿಂಗ್ ಕ್ರಾಸ್ಬಿ, ನೇರವಾಗಿ ನೋಡಲು ಧೈರ್ಯ ಸಾಲದೆ ಪ್ಯಾರಿಸ್‌ಗೆ ಹೋಗಿ, ಅದನ್ನು ಚಿತ್ರೀಕರಿಸಿಡಲು ಹೇಳಿದ್ದರು. ಅವರ ಮನೆಯ ನೆಲಮಾಳಿಗೆಯ ಮದ್ಯದ ಉಗ್ರಾಣದಲ್ಲಿ ಆ ಸುರುಳಿಗಳು 2009ರಲ್ಲಿ ಸಿಕ್ಕವು. ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಏನಾಗಲಿದೆಯೆಂದು ಆ ಚಿತ್ರಕ್ಕೆ ಗೊತ್ತಿಲ್ಲ. ಆದ್ದರಿಂದ ಸ್ಮಿತ್ ಅವರ ಹೊಡೆತ ಅದರಲ್ಲಿ ಅಂದು ಎಷ್ಟು ದೊಡ್ಡದಾಗಿತ್ತೋ ಅಷ್ಟೇ ದೊಡ್ಡದಾಗಿದೆ.

ಫೋರ್ಬ್ಸ್ ಫೀಲ್ಡ್ ಈಗ ಇಲ್ಲ. ಅದರ ಹೊರಗೋಡೆಯ ಒಂದು ತುಂಡು ಮಾತ್ರ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಆವರಣದಲ್ಲಿ ಉಳಿದಿದೆ. ಪ್ರತಿ ವರ್ಷ ಅಕ್ಟೋಬರ್ 13ರಂದು ಅಭಿಮಾನಿಗಳು ಅದರ ಬುಡದಲ್ಲಿ ಸೇರಿ, ಆ ಪಂದ್ಯದ ರೇಡಿಯೊ ವೀಕ್ಷಕ ವಿವರಣೆಯನ್ನು ಮೊದಲ ಎಸೆತದಿಂದ ಹಾಕಿ ಕೇಳುತ್ತಾರೆ. ಮ್ಯಾಜರಾಸ್ಕಿಯವರ ಹೊಡೆತ ಅಂದಿನಂತೆಯೇ ಮಧ್ಯಾಹ್ನ 3 ಗಂಟೆ 36 ನಿಮಿಷಕ್ಕೆ ಸರಿಯಾಗಿ ಬರುವಂತೆ ಹೊಂದಿಸಿರುತ್ತಾರೆ. ಅದನ್ನು ಕೇಳಲು ಬಂದವರು, ಅದಕ್ಕೆ ಮುಂಚೆ, ಎಂಟನೆಯ ಇನ್ನಿಂಗ್ಸಿನಲ್ಲಿ ಹ್ಯಾಲ್ ಸ್ಮಿತ್ ಅವರನ್ನು ಕೇಳಲೇಬೇಕು.